ಹುಸೇನಮ್ಮನ ಕೆಂಪು ಚುಕ್ಕೆ

ಹೊರಮಾವಿನಲ್ಲಿ ಒಂದು ವಿಮಾನ ತಯಾರಾಗಿತ್ತು ಎಂದರೆ ಈಗ ಅಲ್ಲಿ ಫ್ಲ್ಯಾಟು ಕೊಂಡಿರುವವರು ನನ್ನ ಮುಖವನ್ನು ಒಂಥರಾ ನೋಡುತ್ತಾರೆ. ನೋಡಲಿ. ಅವರ ಲಿಫ್ಟು ಇರುವ ಜಾಗದಲ್ಲಿ ನಮ್ಮಪ್ಪ ಹುರುಳಿ ಬಿತ್ತುತ್ತಿದ್ದ ಎಂದರೂ ಹಾಗೇ ನೋಡುತ್ತಾರೆ. ಆ ಹೊಲದ ಪಕ್ಕದ ತಗಡಿನ ಶೆಡ್ಡಿನಲ್ಲಿ, ೧೯೯೮ರಿಂದ ೨೦೦೧ರವರೆಗೆ, ಎರಡು ಸೀಟಿನ ಒಂದು ವಿಮಾನ ಎದ್ದು ನಿಂತಿತು. ಕಟ್ಟಿಸಿದವರು ಕುಕ್ ಟೌನಿನ ಚಿನ್ನಪ್ಪ ಸಾಹೇಬರು. ಸ್ಟೋರು ನೋಡಿಕೊಂಡು ಲಾಗ್ ಪುಸ್ತಕ ಬರೆದವನು ನಾನು, ರಾಮಯ್ಯ. ಅದರ ತಂತಿಗಳನ್ನೆಲ್ಲ ಎಳೆದು ಜೋಡಿಸಿದವಳು ಹುಸೇನಮ್ಮ. ಇದು ಅವಳ ಕಥೆ. ನಡುನಡುವೆ ನಾನು ಮೂಗು ತೂರಿಸುತ್ತೇನೆ, ಸಹಿಸಿಕೊಳ್ಳಬೇಕು.

ಕುಕ್ ಟೌನಿನಲ್ಲಿ ರಿಟೈರ್ ಆದ ಎಂಜಿನಿಯರುಗಳು ಸಾಮಾನ್ಯವಾಗಿ ಗುಲಾಬಿ ಬೆಳೆಸುತ್ತಾರೆ, ನಾಯಿ ತಿರುಗಿಸುತ್ತಾರೆ, ಚರಂಡಿಯ ಬಗ್ಗೆ ಪೇಪರಿಗೆ ಕಾಗದ ಬರೆಯುತ್ತಾರೆ. ಚಿನ್ನಪ್ಪ ಸಾಹೇಬರು ಈ ಮೂರನ್ನೂ ಆರು ತಿಂಗಳು ಮಾಡಿ ನೋಡಿದರು. ಗುಲಾಬಿ ಒಣಗಿತು, ನಾಯಿ ಇವರಿಗಿಂತ ಮೊದಲೇ ಸುಸ್ತಾಯಿತು, ಚರಂಡಿ ಹಾಗೇ ಉಳಿಯಿತು. ಆಮೇಲೆ ವಿಮಾನ ಕಟ್ಟುತ್ತೇನೆ ಎಂದು ಹೊರಟರು. ಮನೆಯವರು "ನನ್ನ ಕಾಂಪೌಂಡಿನೊಳಗೆ ಬೇಡ" ಎಂದು ಖಡಾಖಂಡಿತವಾಗಿ ಹೇಳಿದ್ದರಿಂದ ಆ ಭಾಗ್ಯ ನಮ್ಮೂರಿಗೆ ಬಂತು. ನಾನು ಮೂವತ್ತು ವರ್ಷ ಸರ್ಕಾರಿ ಕಾರ್ಖಾನೆಯ ಸ್ಟೋರಿನಲ್ಲಿ ಬೋಲ್ಟು ಕೊಟ್ಟು ಸಹಿ ಹಾಕಿಸಿಕೊಂಡು ರಿಟೈರ್ ಆದವನು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಸಾಹೇಬರು ನನಗೆ ಲಾಗ್ ಪುಸ್ತಕ ಒಪ್ಪಿಸಿದರು.

ಆ ಪುಸ್ತಕಕ್ಕೆ ಅವರದೇ ಒಂದು ಕಾನೂನು. ಯಾವ ಕೆಲಸವಾದರೂ ಪಾಸಾದ ಮೇಲೆ ಮಾಡಿದವರ ಹೆಸರು ಸಮೇತ ಬರೆಯಬೇಕು. ಯಾವ ತಪ್ಪಾದರೂ ಮಾಡಿದವರ ಹೆಸರು ಸಮೇತ ಬರೆಯಬೇಕು. ಮೊದಲನೇ ಪುಟದಲ್ಲೇ "ರೆಕ್ಕೆಯ ಅಂಟು ಕಡಿಮೆಯಾಗಿದೆ, ತಪ್ಪು: ಚಿನ್ನಪ್ಪ" ಎಂದು ನನ್ನ ಕೈಯಲ್ಲೇ ಬರೆಸಿದರು. ಆವತ್ತು ನನಗೆ ಎಷ್ಟು ಖುಷಿಯಾಗಿತ್ತು ಎಂದರೆ ಮನೆಗೆ ಹೋಗಿ ಹೆಂಡತಿ ಅಂಜಿನಮ್ಮನಿಗೆ ಎರಡು ಸಲ ಹೇಳಿದೆ.

ಇನ್ನೊಂದು ಕಾನೂನೂ ಇತ್ತು. ಸಾಹೇಬರು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಆದರೆ ಶೆಡ್ಡಿನೊಳಗೆ ಯಾವ ದೇವರಿಗೂ ಪ್ರವೇಶವಿಲ್ಲ. "ಪೆಟ್ರೋಲು, ಬಟ್ಟೆ, ಬಣ್ಣ ಇರೋ ಜಾಗ ಮ್ಯಾನ್. ನೀನು ಕರ್ಪೂರ ಹಚ್ಚಿದ್ರೆ ವಿಮಾನ ಅಲ್ಲ, ನಾವೆಲ್ಲ ಮೇಲೆ ಹೋಗ್ತೀವಿ" ಎಂದಿದ್ದರು. ಮಾತು ನ್ಯಾಯವೇ. ಆದರೂ ಪೂಜೆಯಿಲ್ಲದೆ ಒಂದು ಯಂತ್ರ ಶುರುವಾಗುವುದು ಎಂದರೇನು? ಸೈಕಲ್ಲಿಗೂ ನಾವು ಹೂ ಏರಿಸದೆ ಬಿಟ್ಟವರಲ್ಲ. ಹಾಗಾಗಿ ಎಂಜಿನ್ ಬಂದಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ, ಯಾರೂ ಬರುವ ಮೊದಲೇ ಶೆಡ್ಡು ತೆಗೆದು, ಹಲಸೂರು ಸೋಮೇಶ್ವರನ ಕುಂಕುಮಕ್ಕೆ ಅರಿಶಿನದ ನೀರು ಕಲಸಿ, ವಿಮಾನದೊಳಗೆ ಒಂದೇ ಒಂದು ಬೊಟ್ಟು ಇಟ್ಟು ಕೈಮುಗಿಯುತ್ತಿದ್ದೆ. ಕರ್ಪೂರವಿಲ್ಲ, ಊದುಬತ್ತಿಯಿಲ್ಲ. ಕಾನೂನೂ ಉಳಿಯಿತು, ದೇವರೂ ಉಳಿದ ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಈಗ ಹುಸೇನಮ್ಮನ ವಿಷಯ. ಶಹಾಪುರದ ಕಡೆಯವಳು. ಮಕ್ಕಳು ನಿಲ್ಲದ ತಾಯಿ ಮೊಹರಮ್ಮಿನ ದೇವರಿಗೆ ಹರಕೆ ಹೊತ್ತು ಹೆತ್ತಿದ್ದರಿಂದ ಆ ಹೆಸರು. ಶಿವಾಜಿನಗರದ ಅಂಗಡಿಯವರು ಹೆಸರು ಕೇಳಿದ ಕೂಡಲೇ ಉರ್ದುವಿನಲ್ಲಿ ಶುರು ಹಚ್ಚಿಕೊಳ್ಳುತ್ತಿದ್ದರು. ಇವಳು ಶಹಾಪುರದ ಕನ್ನಡದಲ್ಲಿ ಚೌಕಾಶಿ ಮಾಡಿ, ಅದೇ ಕನ್ನಡದಲ್ಲಿ ಬೈದು ಬರುತ್ತಿದ್ದಳು. ಗಂಡ ಭೀಮು ಗಾರೆ ಕೆಲಸದವನು. ಅವನ ಹಿಂದೆ ಬೆಂಗಳೂರಿಗೆ ಬಂದವಳು ಎರಡು ವರ್ಷ ಇಟ್ಟಿಗೆ ಹೊತ್ತಳು. ಆಮೇಲೆ ಕೆ.ಆರ್. ಪುರದ ಹತ್ತಿರ ವಾಕಿಟಾಕಿ ಜೋಡಿಸುವ ಒಂದು ಸಣ್ಣ ಕಂಪನಿಯಲ್ಲಿ ಬೆಸುಗೆ ಹಾಕುವ ಸಾಲಿಗೆ ಸೇರಿದಳು. ಹದಿಮೂರು ವರ್ಷ ಅಲ್ಲಿ ತಂತಿ ಬೆಸೆದಳು. ಅವಳು ಬೆಸೆದ ಒಂದೇ ಒಂದು ಸೆಟ್ಟು ವಾಪಸು ಬರಲಿಲ್ಲ. ಕೊನೆಗೆ ಕಂಪನಿಯೇ ಬಾಗಿಲು ಹಾಕಿಕೊಂಡು ಹೋಯಿತು.

ಹದಿಮೂರು ವರ್ಷದಲ್ಲಿ ಅಲ್ಲಿ ಅವಳಿಗೆ ಹೆಸರಿರಲಿಲ್ಲ. "ನಲವತ್ತೇಳು" ಎಂದು ಕರೆಯುತ್ತಿದ್ದರು. ಹಾಗಾಗಿ ಚಿನ್ನಪ್ಪ ಸಾಹೇಬರು ರಾಮಮೂರ್ತಿ ನಗರದ ಅವಳ ಬಾಡಿಗೆ ಕೋಣೆಗೆ ಹುಡುಕಿಕೊಂಡು ಹೋಗಿ, ಅಕ್ಕಪಕ್ಕದವರ ಮಿಕ್ಸಿ ರಿಪೇರಿ ಮಾಡುತ್ತ ಕೂತಿದ್ದವಳನ್ನು ಕರೆದಾಗ ಅವಳು ಕೇಳಿದ್ದು ಸಂಬಳವನ್ನಲ್ಲ. "ಪುಸ್ತಕದಾಗ ನನ್ನ ಹೆಸರು ಬರ್ತದೇನ್ರೀ ಸಾಹೇಬ್ರ?" ಎಂದು ಕೇಳಿದಳು. "ಇನ್ಸ್‌ಪೆಕ್ಟರ್ ಬಂದು ವಿಮಾನ ಪಾಸ್ ಮಾಡಿದ ದಿನ, ವೈರಿಂಗ್: ಹುಸೇನಮ್ಮ ಅಂತ ಬರೆಸ್ತೀನಿ" ಎಂದು ಸಾಹೇಬರು ಮಾತು ಕೊಟ್ಟರು. ಆ ಒಂದು ಸಾಲಿಗಾಗಿ ಅವಳು ಮೂರು ವರ್ಷ ಎರಡೆರಡು ಬಸ್ಸು ಹತ್ತಿ ಇಳಿದು ಬಂದಳು.

ಅವಳ ಕೆಲಸದ ರೀತಿ ನೋಡಬೇಕಿತ್ತು. ಒಂದು ನಟ್ಟನ್ನು ಬಿಗಿ ಮಾಡಿ, ಎಳೆದು ನೋಡಿ, ಮತ್ತೆ ಎಳೆದು ನೋಡಿ, ಆಮೇಲೆ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಬಾಟಲಿ ತೆಗೆದು ಅದರ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದಳು. ಕಂಪನಿಯಲ್ಲಿ ಕಲಿತ ಪದ್ಧತಿ ಅದು. ಚುಕ್ಕೆ ಇದ್ದರೆ ನೋಡಿ ಆಗಿದೆ, ಇನ್ನು ಮುಟ್ಟಬೇಡಿ ಎಂದು ಅರ್ಥ. ವಿಮಾನದ ಒಳಗೆ ಬಗ್ಗಿ ನೋಡಿದರೆ ಎಲ್ಲೆಲ್ಲೂ ಕೆಂಪು ಚುಕ್ಕೆ. ಅವಳ ಉಗುರಿಗೆ ಮಾತ್ರ ಆ ಬಣ್ಣ ಒಂದು ದಿನವೂ ತಾಗಲಿಲ್ಲ.

೨೦೦೧ರ ಜನವರಿಯಲ್ಲಿ ಎಂಜಿನ್ ಕೂರಿಸಿದೆವು. ಮುಂದಿನ ವಾರ ಸಾಹೇಬರು ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಿ ಶುರು ಮಾಡಿದರು. ಎಂಜಿನ್ ಚೆನ್ನಾಗಿಯೇ ಗುಡುಗಿತು. ಆನಂದದಿಂದ ಒಳಗೆ ಕೂತು ರೇಡಿಯೋ ಹಾಕಿದರೆ ಕಿವಿಗೆ "ಕುಂಯ್ಯ್ಯ್" ಎಂಬ ಒಂದು ಗೋಳು. ಎಂಜಿನ್ ಜೋರಾದರೆ ಅದೂ ಜೋರು. ಮೇಲೆ ಒಗ್ಗರಣೆ ಸಿಡಿದ ಹಾಗೆ ಚಟಪಟ. ಮುರುಗೇಶಪಾಳ್ಯದ ಕಡೆ ಇದ್ದ ಏರ್‌ಪೋರ್ಟಿನ ಟವರಿನವರು ಏನೋ ಹೇಳುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಎಂಜಿನ್ ಆರಿಸಿದರೆ ರೇಡಿಯೋ ಹಾಲಿನಷ್ಟು ಶುದ್ಧ. ಆದರೆ ಎಂಜಿನ್ ಆರಿಸಿ ಆಕಾಶದಲ್ಲಿ ರೇಡಿಯೋ ಕೇಳುವ ಪದ್ಧತಿ ಇನ್ನೂ ಬಂದಿಲ್ಲವಲ್ಲ!

ಅಲ್ಲಿಂದ ಶುರುವಾಯಿತು ಪಂಡಿತರ ಮೆರವಣಿಗೆ. ಒಬ್ಬರು ಬಂದು ಹೊರಮಾವಿನ ಮೇಲೆ ಹೋಗುವ ಹೈಟೆನ್ಷನ್ ಲೈನಿನ ಕಡೆ ಕೈ ತೋರಿಸಿ, ಕಾಫಿ ಕುಡಿದು ಹೋದರು. ಇನ್ನೊಬ್ಬರು ರೇಡಿಯೋನೇ ಕೆಟ್ಟಿದೆ ಎಂದರು. ಫಾರಿನ್ನಿಂದ ಹೊಸ ರೇಡಿಯೋ ಬಂತು, ಹಳೆಯದು ಅತ್ತ ಶ್ರುತಿಯಲ್ಲೇ ಹೊಸದೂ ಅತ್ತಿತು. ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ, ಅದನ್ನೂ ಬದಲಾಯಿಸಿದ್ದಾಯಿತು. ಸಾಹೇಬರ ಮನೆಯವರು ಕಳಿಸಿದ ವಾಸ್ತು ಪಂಡಿತರು ವಿಮಾನದ ಮೂತಿ ನೈಋತ್ಯಕ್ಕಿದೆ ಎಂದು ಕಂಡುಹಿಡಿದರು. ಆರು ಜನ ಸೇರಿ ಈಶಾನ್ಯಕ್ಕೆ ತಿರುಗಿಸಿದೆವು. ವಿಮಾನ ಅನ್ನುವುದು ದಿಕ್ಕು ಬದಲಾಯಿಸಲೆಂದೇ ಇರುವ ವಸ್ತು ಎಂದು ಆ ಮಹಾನುಭಾವರಿಗೆ ಯಾರು ಹೇಳಬೇಕು? ನಾನಂತೂ ಹೇಳಲಿಲ್ಲ, ಬಾಗಿಲ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪ್ರತಿಯೊಬ್ಬರು ಬಂದು ಹೋದಾಗಲೂ ಸಂಜೆ ಅವರ ಮಾತನ್ನು ಹುಸೇನಮ್ಮನಿಗೆ ಅಣಕಿಸಿ ತೋರಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಕೊನೆಗೆ ಇಂದಿರಾನಗರದಿಂದ ದತ್ತು ಬಂದ. ವಿಸಿಟಿಂಗ್ ಕಾರ್ಡಿನಲ್ಲಿ ಮೂರು ಕಡೆ ಕನ್ಸಲ್ಟೆಂಟ್ ಎಂದು ಅಚ್ಚಾಗಿತ್ತು, ಎಲ್ಲಾದರೂ ಮರೆತುಬಿಟ್ಟಾರು ಎಂಬ ಭಯವಿರಬೇಕು. ಲ್ಯಾಪ್‌ಟಾಪನ್ನು ರೆಕ್ಕೆಯ ಮೇಲಿಟ್ಟು, ಸಾಹೇಬರ ಕೈಯಲ್ಲಿ ಬೈಸಿಕೊಂಡು ತೆಗೆದು, ಒಂದು ಗಂಟೆ ಅದನ್ನೇ ನೋಡಿದ. ಆಮೇಲೆ ಹುಸೇನಮ್ಮನ ತಂತಿಗಳ ಕಟ್ಟನ್ನು ಪೆನ್ನಿನ ತುದಿಯಿಂದ ಮೇಲೆತ್ತಿ ಹೇಳಿದ: "ಸಾರ್, ಬೇಸಿಕಲಿ ಪ್ರಾಬ್ಲಮ್ ಇರೋದೇ ವೈರಿಂಗಲ್ಲಿ. ಮಿಕ್ಸಿ ರಿಪೇರಿ ಮಾಡೋರ ಕೈಲಿ ಏರ್‌ಕ್ರಾಫ್ಟ್ ಕೊಟ್ರೆ ಇನ್ನೇನಾಗುತ್ತೆ? ಪೂರ್ತಿ ಕಿತ್ತಾಕ್ಬಿಡೋಣ. ನಮ್ಮ ಹುಡುಗ್ರು ಹದಿನೈದು ದಿನದಲ್ಲಿ ಹೊಸದು ಮಾಡ್ಕೊಡ್ತಾರೆ."

ಹುಸೇನಮ್ಮ ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದಳು. ಸಾಹೇಬರು ಅವಳ ಮುಖ ನೋಡಲಿಲ್ಲ. ಸೋಮವಾರ ಇನ್ಸ್‌ಪೆಕ್ಟರ್ ಬರುವವರಿದ್ದರು. ಶನಿವಾರದೊಳಗೆ ಗೋಳು ನಿಲ್ಲದಿದ್ದರೆ ಅವರಿಗೆ ಬರಬೇಡಿ ಎಂದು ಹೇಳಿ, ದತ್ತುವಿನ ಕೈಗೆ ಕತ್ತರಿ ಕೊಡುವುದು ಎಂದು ತೀರ್ಮಾನವಾಯಿತು. ಮೂರು ವರ್ಷದ ಕೆಲಸ ರೀ! ಒಂದೊಂದು ತಂತಿಗೂ ಅವಳು ಕೂಸಿಗೆ ಅಂಗಿ ತೊಡಿಸುವ ಹಾಗೆ ನಂಬರಿನ ತೋಳು ತೊಡಿಸಿದ್ದಳು. ಅವಳು ಹೋಗುವಾಗ ಇಷ್ಟೇ ಹೇಳಿದಳು: "ಯಣ್ಣಾ, ಕತ್ತರಿಸೋದು ಕತ್ತರಿಸ್ಲಿ. ಕಂಪನಿಯಾಗೂ ಹೆಸರು ಬರಲಿಲ್ಲ, ಇಲ್ಲೂ ಬರಲಿಲ್ಲ ಅಂತ ಆಗ್ತದ, ಅಷ್ಟೇ."

ಮರುದಿನ ಶುಕ್ರವಾರ. ನಾನು ಎಂದಿನಂತೆ ಬೇಗ ಹೋಗಿ ಬೊಟ್ಟು ಇಟ್ಟೆ. ಆವತ್ತು ಇನ್ನೂ ಸ್ವಲ್ಪ ಹೆಚ್ಚೇ ಇಟ್ಟು, "ಸೋಮೇಶ್ವರಾ, ಈ ಹೆಣ್ಣುಮಗಳ ಮಾನ ಕಾಪಾಡಪ್ಪ" ಎಂದು ಬೇಡಿಕೊಂಡೆ. ನಿಜವಾಗಿ ಬೇಡಿಕೊಂಡೆ, ಕಣ್ಣಲ್ಲಿ ನೀರು ಬಂದಿತ್ತು.

ಹತ್ತು ಗಂಟೆಗೆ ಹುಸೇನಮ್ಮ ಕೆಲಸಕ್ಕಿಳಿದಳು. ಸಾಹೇಬರು ಎಂಜಿನ್ ಶುರು ಮಾಡಿದರು, ಇವಳು ಒಂದೊಂದೇ ಫ್ಯೂಸ್ ಕಿತ್ತು ಕೇಳಿದಳು. ದೀಪ ಆರಿಸಿದರೆ ಗೋಳು ಹೋಗಲಿಲ್ಲ, ಪಂಪು ಆರಿಸಿದರೆ ಹೋಗಲಿಲ್ಲ. ಆಲ್ಟರ್ನೇಟರ್ ಆರಿಸಿದರೆ ಹೋಯಿತು. "ಕರೆಂಟು ಹೋಗ್ತದ ಖರೆ, ವಾಪಸ್ ಬರೋ ದಾರಿ ಸರಿಯಿಲ್ರಿ" ಎಂದಳು. ನನಗೆ ಅರ್ಥವಾಗಲಿಲ್ಲ, ಅವಳೇ ಬಿಡಿಸಿ ಹೇಳಿದಳು. ಲಾರಿಯಲ್ಲಾದರೆ ಇಡೀ ಬಾಡಿ ಕಬ್ಬಿಣ, ಅರ್ಥಿಂಗ್ ತಂತಿಯನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ನಮ್ಮದು ಕಟ್ಟಿಗೆ ಮತ್ತು ಬಟ್ಟೆಯ ವಿಮಾನ. ಹಾಗಾಗಿ ಎಲ್ಲ ಕಪ್ಪು ತಂತಿಗಳೂ, ಎಂಜಿನ್ನಿನಿಂದ ಬರುವ ದಪ್ಪ ಹೆಣಿಗೆ ತಂತಿಯೂ, ಮುಂದಿನ ಗೋಡೆಯಲ್ಲಿರುವ ಒಂದೇ ಹಿತ್ತಾಳೆ ಬೋಲ್ಟಿಗೆ ಬಂದು ಸೇರುತ್ತವೆ. ಅಲ್ಲಿ ದಾರಿ ಕಟ್ಟಿಕೊಂಡರೆ ಕರೆಂಟು ರೇಡಿಯೋದ ತಂತಿಯೊಳಗೆ ನುಗ್ಗಿ ಅಳುತ್ತದೆ.

"ಹಂಗಾದ್ರೆ ಆ ಬೋಲ್ಟ್ ನೋಡಮ್ಮ" ಎಂದರು ಸಾಹೇಬರು.

"ಅದರ ಮ್ಯಾಲ ಚುಕ್ಕಿ ಅದರೀ. ನೋಡಿ ಆಗ್ಯದ" ಎಂದಳು ಹುಸೇನಮ್ಮ.

ಸಾಹೇಬರು ತಲೆಯಾಡಿಸಿದರು. ದತ್ತು ಕೂಡ ಹಿಂದಿನ ದಿನ ಅದನ್ನು ಅದಕ್ಕೇ ಮುಟ್ಟದೆ ಬಿಟ್ಟಿದ್ದ. ನಾನು ಟಾರ್ಚು ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಯಾಕೆಂದರೆ ನಾನು ಬೊಟ್ಟು ಇಡುತ್ತಿದ್ದದ್ದು ಅದೇ ಬೋಲ್ಟಿಗೆ.

ಸಾಹೇಬರು ಬೇಸರದಿಂದ ಹೊರಗೆ ಸಿಗರೇಟು ಸೇದಲು ಹೋದರು. ಹುಸೇನಮ್ಮ ಒಳಗೆ ಅಂಗಾತ ಮಲಗಿ, ಪಟ್ಟಿ ಹಿಡಿದು, ಒಂದೊಂದೇ ಚುಕ್ಕೆಯನ್ನು ನೋಡುತ್ತ ಹೋದಳು. ಎಲ್ಲವೂ ಇದ್ದವು. ಸೋತು ಏಳುವಾಗ ಆಸರೆಗೆಂದು ಅವಳ ಕೈ ಆ ಬೋಲ್ಟಿನ ಮೇಲೆ ಹೋಯಿತು. ಕೈ ತೆಗೆದು ನೋಡಿಕೊಂಡಳು. ಬೆರಳು ಕೆಂಪಾಗಿತ್ತು. ಉಗುರು ಬಣ್ಣ ಒಣಗಿದ ಮೇಲೆ ಬೆರಳಿಗೆ ಅಂಟುವುದಿಲ್ಲ. ಅವಳ ಹಣೆಯ ಮೇಲಿದ್ದದ್ದು ಸ್ಟಿಕ್ಕರ್ ಬೊಟ್ಟು, ಅದೂ ಅಂಟುವುದಿಲ್ಲ. ಬೆರಳನ್ನು ಮೂಸಿ ನೋಡಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ ನನ್ನ ಹಣೆಯ ಕುಂಕುಮ ನೋಡಿದಳು.

"ಯಣ್ಣಾ," ಎಂದಳು, "ಇವತ್ತು ಶುಕ್ರವಾರ ಅಲ್ರೀ?"

ಅವಳು ನಟ್ಟಿಗೆ ಎರಡು ಬೆರಳು ಹಾಕಿ ತಿರುಗಿಸಿದಳು. ಸ್ಪ್ಯಾನರೇ ಬೇಕಾಗಲಿಲ್ಲ, ಎರಡು ಸುತ್ತು ಸಲೀಸಾಗಿ ಬಂತು. ಕೆಳಗೆ ಹಳದಿ ಕೆಸರು, ಅದರ ಕೆಳಗೆ ಹಸಿರು ಕಿಲುಬು. ಆಗ ಅವಳಿಗೂ ನೆನಪಾಯಿತು, ನನಗೂ ನೆನಪಾಯಿತು. ಎಂಜಿನ್ ಕೂರಿಸಿದ್ದು ಒಂದು ಗುರುವಾರ. ದಪ್ಪ ತಂತಿಯನ್ನು ಆ ಬೋಲ್ಟಿಗೆ ಹಾಕುವಷ್ಟರಲ್ಲಿ ಕೊನೆ ಬಸ್ಸಿನ ಹೊತ್ತಾಗಿತ್ತು. ನಾಳೆ ಸ್ಪ್ಯಾನರ್ ಹಾಕೋಣ ಎಂದು ನಟ್ಟನ್ನು ಬೆರಳಲ್ಲೇ ತಿರುಗಿಸಿ, ಚುಕ್ಕೆ ಇಡದೆ ಹೋಗಿದ್ದಳು. ಮರುದಿನ ಅವಳಿಗಿಂತ ಮೊದಲು ಬಂದವನು ನಾನು. ಎಲ್ಲಕ್ಕೂ ಚುಕ್ಕೆ ಇದೆ, ಈ ಹಿತ್ತಾಳೆಯದಕ್ಕೆ ಇಲ್ಲ, ಇಷ್ಟು ಚುಕ್ಕೆಗಳ ನಡುವೆ ನನ್ನ ಬೊಟ್ಟು ಸಾಹೇಬರಿಗೆ ಗೊತ್ತೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದ ಮಹಾ ಬುದ್ಧಿವಂತ. ಅವಳು ಬಂದು ನೋಡಿದಾಗ ಚುಕ್ಕೆ ಇತ್ತು. ತಾನೇ ಮುಗಿಸಿ ಹೋಗಿದ್ದೇನೆ ಎಂದುಕೊಂಡಳು. ಹೈಟೆನ್ಷನ್ ಲೈನು, ವಾಸ್ತು, ಕನ್ಸಲ್ಟೆಂಟು ಎಂದು ಎರಡು ತಿಂಗಳು ಊರನ್ನೆಲ್ಲ ನೋಡಿ ನಕ್ಕವನ ಕೈಯಲ್ಲೇ ಕುಂಕುಮದ ಬಟ್ಟಲು ಇತ್ತು.

"ನಿಮ್ಮ ಕೈಗೆ ಬೆಂಕಿ ಹಚ್ಚ!" ಎಂದು ಪಿಸುಗುಟ್ಟಿದಳು. ಅಷ್ಟು ಬೈದು, ಮರಳು ಕಾಗದ ತೆಗೆದುಕೊಂಡು ಬೋಲ್ಟನ್ನು ಬಂಗಾರದ ಹಾಗೆ ಹೊಳೆಯುವವರೆಗೆ ಉಜ್ಜಿದಳು. ಸ್ಪ್ಯಾನರ್ ಹಾಕಿ ಬಿಗಿದಳು. ಎಳೆದು ನೋಡಿದಳು, ಮತ್ತೆ ಎಳೆದು ನೋಡಿದಳು. ಬಾಟಲಿ ತೆಗೆದು ಚುಕ್ಕೆ ಇಟ್ಟಳು.

ಸಾಹೇಬರನ್ನು ಕರೆದು ಎಂಜಿನ್ ಶುರು ಮಾಡಿಸಿದೆವು. ರೇಡಿಯೋದಲ್ಲಿ ಗೋಳಿಲ್ಲ, ಚಟಪಟವಿಲ್ಲ. ಟವರಿನ ಯಾರೋ ಹೆಂಗಸು ಯಾವುದೋ ವಿಮಾನಕ್ಕೆ ಸ್ವಲ್ಪ ಕಾಯಿರಿ ಎನ್ನುತ್ತಿದ್ದದ್ದು ನಮ್ಮ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿಸಿತು. ಸಾಹೇಬರು ಎರಡು ನಿಮಿಷ ಸುಮ್ಮನೆ ಕೇಳಿದರು. ಆಮೇಲೆ ಎಂಜಿನ್ ಆರಿಸಿ ಇಳಿದು ಬಂದರು.

"ಏನಾಗಿತ್ತು?"

ನಾನು ಬಾಯಿ ತೆರೆದೆ. ಸತ್ಯವಾಗಿಯೂ ತೆರೆದೆ. ಅಷ್ಟರಲ್ಲಿ ಹುಸೇನಮ್ಮ ಹೇಳಿದಳು: "ಅರ್ಥಿಂಗ್ ನಟ್ ಬಿಗಿ ಮಾಡಿರಲಿಲ್ರಿ. ಮಾಡದೆ ಹೋದಾಕಿ ನಾನು."

ಸಾಹೇಬರು ಕೆಂಡಾಮಂಡಲವಾದರು. ಎರಡು ತಿಂಗಳು! ಹೊಸ ರೇಡಿಯೋ! ಹೊಸ ಆಲ್ಟರ್ನೇಟರ್! "ಒಂದು ನಟ್ಟಿಗೆ! ಆಕಾಶದಲ್ಲಿ ಇದಾಗಿದ್ರೆ?" ಎಂದು ಕೂಗಿದರು. ಅವಳು ತಲೆ ತಗ್ಗಿಸಲಿಲ್ಲ, ಎದುರಾಡಲೂ ಇಲ್ಲ. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಸಾಹೇಬರು ನನ್ನ ಕಡೆ ತಿರುಗಿ, "ವಾಟ್ ಮ್ಯಾನ್ ನೋಡ್ತಾ ನಿಂತಿದೀಯ? ಬರಿ" ಎಂದರು. ಬರೆದೆ. ಇಂಗ್ಲಿಷಿನಲ್ಲಿ, ದುಂಡಗೆ, ಒಂದು ಅಕ್ಷರವೂ ಅಲುಗದ ಹಾಗೆ ಬರೆದೆ. ಅರ್ಥಿಂಗ್ ನಟ್ ಸಡಿಲ. ತಪ್ಪು: ಹುಸೇನಮ್ಮ. ಮೂರು ವರ್ಷ ಕಾದ ಹೆಸರು ಮೊದಲ ಸಲ ಆ ಪುಸ್ತಕಕ್ಕೆ ಹೀಗೆ ಬಂತು, ನನ್ನ ಕೈಯಿಂದ.

ಸಾಹೇಬರು ಹೋದಮೇಲೆ ಅವಳು ಕೇಳಿದಳು: "ಏನಂತ ಬರ್ದೀರಿ, ಓದ್ರಿ."

ಓದಿದೆ.

"ಛಲೋ ಬರ್ದೀರಿ" ಎಂದಳು.

"ಯಾಕಮ್ಮಾ ಹಿಂಗೆ ಮಾಡ್ದೆ? ನನ್ನ ಹೆಸ್ರು ಹೇಳ್ಬಾರ್ದಾಗಿತ್ತಾ?" ಎಂದು ಕೇಳಿದೆ.

"ಹೇಳಿದ್ರ ಏನಾಗ್ತಿತ್ತು? ಸಾಹೇಬ್ರು ನಗ್ತಿದ್ರು. ಆ ದತ್ತುಗ ಹೇಳ್ತಿದ್ರು, ಅವನೂ ನಗ್ತಿದ್ದ. ಕುಂಕುಮ ಹಚ್ಚಿ ವಿಮಾನ ಕೆಡಿಸಿದ್ರು ಅಂತ ಊರೆಲ್ಲ ನಗ್ತಿತ್ತು. ನನ್ನ ಮೂರು ವರ್ಷದ ಕೆಲಸ ನಗೆಪಾಟಲಾಗ್ತಿತ್ತು ಯಣ್ಣಾ. ನಟ್ ಬಿಟ್ಟು ಹೋದಾಕಿ ನಾನೇ ಅಲ್ರೀ? ಚುಕ್ಕಿ ನೋಡಿ, ಮುಟ್ಟಿ ನೋಡದೆ ಬಿಟ್ಟಾಕಿನೂ ನಾನೇ. ಬೈಸ್ಕೊಂಡ್ರ ಕೆಲಸ್ದಾಕಿ ಅಂತ ಬೈಸ್ಕೊಂಡಂಗಾತು. ನಕ್ರ ಮಾತ್ರ ತಡಕೊಳ್ಳಾಕ ಆಗಂಗಿಲ್ಲ."

ಎರಡು ತಿಂಗಳು ನಾನು ಅಣಕಿಸಿದಾಗ ಅವಳು ಯಾಕೆ ನಗುತ್ತಿರಲಿಲ್ಲ ಎಂದು ಆವತ್ತು ತಿಳಿಯಿತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಸೋಮವಾರ ಇನ್ಸ್‌ಪೆಕ್ಟರ್ ಬಂದು, ರೇಡಿಯೋ ಕೇಳಿ, ತಂತಿಗಳನ್ನು ಎಳೆದೆಳೆದು ನೋಡಿ ಸಹಿ ಹಾಕಿದರು. ಸಾಹೇಬರು ಮಾತಿಗೆ ತಪ್ಪುವವರಲ್ಲ. "ವೈರಿಂಗ್: ಹುಸೇನಮ್ಮ" ಎಂದು ಬರೆಸಿದರು. ಹಿಂದಿನ ಪುಟದ ತಪ್ಪಿನ ಸಾಲು ಕಾಗದದ ಆಚೆಯಿಂದ ಮಸುಕಾಗಿ ಕಾಣುತ್ತಿತ್ತು. ದತ್ತು ಇದು ತನಗೆ ಮೊದಲೇ ಅನುಮಾನವಿತ್ತು ಎಂದು ಫೋನಿನಲ್ಲಿ ಹೇಳಿದನಂತೆ. ಹೇಳದೆ ಇರುತ್ತಾನೆಯೇ?

ವಿಮಾನ ಹಾರಿತು. ಏಳು ವರ್ಷ ಹಾರಿತು. ೨೦೦೮ರಲ್ಲಿ ಸಾಹೇಬರು ತೀರಿಕೊಂಡರು. ಮನೆಯವರು ವಿಮಾನವನ್ನು ಮದ್ರಾಸಿನ ಯಾರಿಗೋ ಕೊಟ್ಟರು, ಲಾಗ್ ಪುಸ್ತಕವೂ ಅದರ ಜೊತೆ ಹೋಗಬೇಕಿತ್ತು. ಹೋಗುವ ಹಿಂದಿನ ದಿನ ನಾನು ಆ ಪುಟ ತೆಗೆದು, ಹುಸೇನಮ್ಮನ ತಪ್ಪಿನ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದೆ. ವಯಸ್ಸಾಗಿತ್ತು, ಅಕ್ಷರ ಮೊದಲಿನ ಹಾಗೆ ದುಂಡಗೆ ಬರಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ರಾಮಮೂರ್ತಿ ನಗರಕ್ಕೆ ಹೋದೆ.

ಅವಳು ಯಾರದೋ ಮಿಕ್ಸಿಯ ಹೊಟ್ಟೆ ಬಗೆದು ಕೂತಿದ್ದಳು. ಕನ್ನಡಕ ಬಂದಿತ್ತು. ನಾನು ಓದಿದೆ: "ಸಡಿಲ ನಟ್ಟಿನ ಮೇಲೆ ಕುಂಕುಮ ಇಟ್ಟು, ನೋಡಿ ಆಗಿದೆ ಎಂದು ಅವಳನ್ನು ನಂಬಿಸಿದವನು, ಆಮೇಲೆ ಬಾಯಿ ಮುಚ್ಚಿಕೊಂಡವನು: ರಾಮಯ್ಯ, ಸ್ಟೋರ್."

"ಮದ್ರಾಸಿನವ್ರು ಓದಿ ನಗ್ತಾರಲ್ರೀ" ಎಂದಳು.

"ನನ್ನ ಹೆಸ್ರು ನೋಡಿ ನಗ್ತಾರೆ. ನಗ್ಲಿ ಬಿಡಮ್ಮ."

ಇನ್ನೊಮ್ಮೆ ಓದಿಸಿದಳು. ಆಮೇಲೆ ಸ್ಕ್ರೂಗಳ ಡಬ್ಬಿಯಲ್ಲಿ ಕೈಯಾಡಿಸಿ ಆ ಕೆಂಪು ಬಾಟಲಿ ತೆಗೆದು, ನನ್ನ ಸಾಲಿನ ಕೊನೆಗೆ ಒಂದು ಚುಕ್ಕೆ ಇಟ್ಟು, ಒಣಗಲೆಂದು ಎರಡು ಸಲ ಊದಿದಳು.

"ನೋಡಿ ಆತು" ಎಂದಳು. "ಇನ್ನ ಮುಟ್ಟಬ್ಯಾಡ್ರಿ."